ಬಾಡಿಗೆ ಮನೆ, ಐನೂರು ರೂಪಾಯಿ: ಕ್ರಿಸ್‌ಮಸ್ ಅಲಂಕಾರ ಹೇಗೆ ಮಾಡಲಿ?

ಪ್ರಶ್ನೆ (ಹಾಸನ)
ಎಲ್ಲರಿಗೂ ನಮಸ್ಕಾರ. ಈ ವರ್ಷ ಮನೆ ಬದಲಾಯಿಸಿ ಅಡ್ವಾನ್ಸ್ ಕಟ್ಟಿ ಕೈ ಖಾಲಿ. ಹಬ್ಬದ ಅಲಂಕಾರಕ್ಕೆ ಐನೂರು ರೂಪಾಯಿ ಎತ್ತಿಟ್ಟಿದ್ದೀನಿ ಅಷ್ಟೆ. ಒಂದು ಪ್ಲಾಸ್ಟಿಕ್ ಟ್ರೀ, ಒಂದು ರೆಡಿಮೇಡ್ ಸ್ಟಾರ್ ತಗೊಂಡ್ರೆ ಅದು ಮುಗೀತು. ಗೋದಲಿಗೆ (ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ಜೋಡಣೆ) ಹಳೇ ಬೊಂಬೆಗಳಿವೆ, ಕುರಿ ಮಾತ್ರ ಕಮ್ಮಿ. ಓನರ್ ಗೋಡೆಗೆ ಮೊಳೆ ಹೊಡೀಬೇಡಿ ಅಂದಿದ್ದಾರೆ. ತಮ್ಮ ಸಕಲೇಶಪುರದ ಹತ್ತಿರ ಕಾಫಿ ಎಸ್ಟೇಟಲ್ಲಿ ರೈಟರ್ (ಲೆಕ್ಕ ಬರೆಯೋನು) ಆಗಿದ್ದಾನೆ, ಅಲ್ಲಿಂದ ಏನಾದ್ರೂ ತರಿಸಬಹುದಾ? ಮಕ್ಕಳಿಗೆ ಬೇಜಾರಾಗಬಾರದು.

ಉತ್ತರ (ಮೂಡಿಗೆರೆ)
ಪ್ಲಾಸ್ಟಿಕ್ ಟ್ರೀ ಆಸೆ ಬಿಟ್ಬಿಡಮ್ಮ. ದುಡ್ಡೂ ಶ್ರಮವೂ ಗೋದಲಿಗೆ, ನಕ್ಷತ್ರಕ್ಕೆ ಹೋಗಲಿ. ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊ ಊರಲ್ಲಿ ಗೋದಲಿ ಮಾಡಿದಾಗ ಇದ್ದದ್ದು ಹುಲ್ಲು ತುಂಬಿದ ಮೇವಿನ ತೊಟ್ಟಿ, ಒಂದು ಎತ್ತು, ಒಂದು ಕತ್ತೆ. ಕುರಿ ಕಮ್ಮಿ ಅಂತ ಕೊರಗಬೇಡ, ಮಕ್ಕಳು ಜೇಡಿಮಣ್ಣಲ್ಲಿ ಮಾಡಲಿ.

ಮೊದಲು ಗೋದಲಿಯ ಹಸಿರು ಹುಲ್ಲಿಗೆ ರಾಗಿ. ಒಂದು ಹಿಡಿ ರಾತ್ರಿ ನೆನೆಸಿ, ಅಗಲ ತಟ್ಟೇಲಿ ಎರಡು ಬೆರಳು ಮಣ್ಣು ಹಾಕಿ ಒತ್ತೊತ್ತಾಗಿ ಚೆಲ್ಲು, ಮೇಲೆ ಒದ್ದೆ ಬಟ್ಟೆ ಮುಚ್ಚು. ನಮ್ಮ ಕಡೆ ಡಿಸೆಂಬರ್ ಚಳಿಗೆ ಮೊಳಕೆ ನಿಧಾನ, 12ನೇ ತಾರೀಕಿನೊಳಗೆ ಹಾಕ್ಬಿಡು. ಮೊಳಕೆ ಕಂಡ ದಿನವೇ ಬಟ್ಟೆ ತೆಗೆದು ಕಿಟಕಿ ಹತ್ತಿರ ಇಡು, ಇಲ್ಲಾಂದ್ರೆ ಹಳದಿಯಾಗೇ ಉಳಿಯತ್ತೆ. ಪೈರು ಬೆಳಕಿನ ಕಡೆಗೇ ವಾಲತ್ತೆ, ದಿನಾ ಬೆಳಿಗ್ಗೆ ತಟ್ಟೆ ಅರ್ಧ ಸುತ್ತು ತಿರುಗಿಸಬೇಕು. ಆ ಕೆಲಸ ಮಕ್ಕಳಿಗೆ ಕೊಡು. ಗೋಧಿ ಹಾಕಿದ್ರೆ ಉದ್ದ ಬೆಳೆದು ಬೊಂಬೆಗಳೇ ಮುಚ್ಚಿಹೋಗ್ತವೆ. ರಾಗಿ ಪೈರಿನ ಎಳೆ ಸಣ್ಣ, ಬೊಂಬೆ ಅಳತೆಗೆ ಸರಿ ಹೋಗತ್ತೆ. ಗುಡ್ಡಕ್ಕೆ ಹಳೇ ಗೋಣಿಚೀಲ ಕೆಸರಲ್ಲಿ ಅದ್ದಿ ರಟ್ಟಿನ ಡಬ್ಬಗಳ ಮೇಲೆ ಹೊದಿಸು, ಒಣಗಿದ್ರೆ ಬಂಡೆ ಹಾಗೇ ನಿಲ್ಲತ್ತೆ.

ನಕ್ಷತ್ರಕ್ಕೆ ಬುಟ್ಟಿ ಹೆಣೆಯೋರ ಹತ್ತಿರ ಬಿದಿರು ದಬ್ಬೆ ಕೇಳು. ಒಂದೇ ಉದ್ದದ್ದು ಹತ್ತು, ಗೇಣುದ್ದದ್ದು ಐದು. ಐದೈದು ಸೇರಿಸಿ ಎರಡು ನಕ್ಷತ್ರ ಕಟ್ಟಿ, ಒಂದರ ಮೇಲೊಂದಿಟ್ಟು ತುದಿಗಳನ್ನ ಬಿಗಿ. ಒಳಗಿನ ಐದು ಮೂಲೆಗೆ ಚಿಕ್ಕ ಕಡ್ಡಿ ಸಿಗಿಸಿದ್ರೆ ನಕ್ಷತ್ರ ಉಬ್ಬಿಕೊಳ್ಳತ್ತೆ. ಬಣ್ಣದ ಕಾಗದ ಅಂಟಿಸಿ, ಬಲ್ಬ್ ಇಳಿಸೋಕೆ ಒಂದು ತ್ರಿಕೋನ ಹಾಗೇ ಬಿಡು. 9 ವ್ಯಾಟ್ ಎಲ್‌ಇಡಿ ಸಾಕು. ದಿನಕ್ಕೆ 6 ಗಂಟೆ ಉರಿಸಿದ್ರೂ 15 ದಿನಕ್ಕೆ ಒಂದು ಯೂನಿಟ್ ಆಗಲ್ಲ. ಕಿಟಕಿ ಸರಳಿಗೆ ಸೂರಿನ ಒಳಗೇ ಕಟ್ಟು, ಇಬ್ಬನಿಗೆ ಕಾಗದ ಹರಿಯತ್ತೆ.

ಟ್ರೀಗೆ ತಮ್ಮನ ಕೈಲಿ ಬೋರರ್ (ಕಾಂಡ ಕೊರೆಯೋ ಹುಳ) ಹೊಡೆದು ಕಿತ್ತ ಕಾಫಿ ಗಿಡ ಒಂದು ತರಿಸಿ ಸುಣ್ಣ ಬಳಿ. ಬಾಲಯೇಸುವನ್ನ ಮಾತ್ರ 24ರ ರಾತ್ರಿ ಚರ್ಚಿನ ಬಲಿಪೂಜೆ ಮುಗಿಸಿ ಬಂದೇ ಗೋದಲೀಲಿ ಮಲಗಿಸಬೇಕು.

ಉತ್ತರ (ಸಕಲೇಶಪುರ, ಕಾಫಿ ಬೆಳೆಗಾರ)
ಅಕ್ಕ ಹೇಳಿದ್ದೆಲ್ಲ ಸರಿ, ಬೋರರ್ ಗಿಡ ಮಾತ್ರ ದಯವಿಟ್ಟು ಬೇಡ. ಕಾಂಡದೊಳಗೆ ಹುಳ ಇರತ್ತೆ. ಅಕ್ಟೋಬರಿಂದ ಡಿಸೆಂಬರ್ ತನಕ ದುಂಬಿ ಹೊರಗೆ ಬರೋ ಕಾಲ, ಹೋದಲ್ಲಿ ಇನ್ನೊಬ್ಬರ ಅರೇಬಿಕಾ ಕಾಫಿ ಗಿಡ ಹಾಳು ಮಾಡತ್ತೆ. ಅದನ್ನ ತೋಟದಲ್ಲೇ ಸುಡಬೇಕು. ತೋಟದಲ್ಲಿ ನೆರಳಿಗೆ ಬೆಳೆಸೋ ಸಿಲ್ವರ್ ಓಕ್ ಮರದ ಬಿದ್ದಿರೋ ರೆಂಬೆ ತರಿಸಿ. ಎಲೆ ಅಡಿಭಾಗ ಬೆಳ್ಳಿ ಬಣ್ಣ, ಒಣಗಿದ್ರೂ ಚೆಂದ. ಬಕೆಟ್‌ಗೆ ಕಲ್ಲು ತುಂಬಿ ನಿಲ್ಲಿಸಿ. ಈಗ ಅರೇಬಿಕಾ ಕುಯ್ಲು, ರೈಟರಿಗೆ ಪುರುಸೊತ್ತಿರಲ್ಲ, ಈಗಲೇ ಹೇಳಿಡಿ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ತಮ್ಮನಿಗೆ ಫೋನ್ ಮಾಡಿ ಸಿಲ್ವರ್ ಓಕ್ ಹೇಳಿದೆ. ಅಕ್ಕಾ, ನಕ್ಷತ್ರಕ್ಕೆ ಫೆವಿಕಾಲೇ ಬೇಕಾ?

ಉತ್ತರ (ಮೂಡಿಗೆರೆ)
ಬೋರರ್ ಮಾತು ಒಪ್ಪಿದೆ, ಅದು ಬೇಡ. ಫೆವಿಕಾಲೂ ಬೇಡ, ಮೈದಾ ಅಂಟು ಕಾಯಿಸ್ಕೊ. ಜಿರಳೆ ತಿನ್ನದ ಹಾಗೆ ಚಿಟಿಕೆ ಮೈಲುತುತ್ತ ಹಾಕು, ತೋಟದಲ್ಲಿ ಗಿಡದ ರೋಗಕ್ಕೆ ಸಿಂಪಡಿಸೋ ಬೋರ್ಡೋ ದ್ರಾವಣಕ್ಕೆ ಹಾಕ್ತಾರಲ್ಲ ಅದೇ. ಅದು ವಿಷ, ಅಡುಗೆ ಪಾತ್ರೇಲಿ ಕಲಸಬೇಡ, ಅಂಟಿಸೋ ಕೆಲಸ ನೀನೇ ಮಾಡು.