ಮೊದಲ ಹಚ್ಚೆ, ಸೂಜಿ ಅಂದ್ರೆ ತಲೆಸುತ್ತು. ಏನು ಮಾಡೋದು?

ಜರಿಗಿಡ: ಮುಂದಿನ ಶನಿವಾರ ಶಿವಮೊಗ್ಗದಲ್ಲಿ ಹಚ್ಚೆಗೆ ಮುಂಗಡ ಕೊಟ್ಟಾಗಿದೆ. ಮೊಣಕೈ ಕೆಳಗೆ, ಹೊರಬದಿಗೆ, ಬೆರಳುದ್ದದ ಎಲೆ. ನೆನೆಸ್ಕೊಂಡ್ರೇ ಅಂಗೈ ಬೆವರುತ್ತೆ, ರಕ್ತ ತೆಗೆಯುವಾಗ ಕಣ್ಣುಕತ್ತಲೆ ಬರೋದೂ ಇದೆ. ತೀರ್ಥಹಳ್ಳಿಯಿಂದ ಹೊರಡುವಾಗ್ಲೇ ಮರಗಟ್ಟಿಸೋ ಕ್ರೀಮ್ ಹಚ್ಕೊಂಡ್ರೆ ಆಗುತ್ತಾ? ಮನೇಲಿ ನಾಟಿ ಬೇರೆ ಶುರುವಾಗ್ತಿದೆ.

ತುಂಗಾತೀರ: ಕಣ್ಣುಕತ್ತಲೆ ಬರೋದು ನೋವಿಗಲ್ಲ ಮಾರಾಯ್ರೆ. ಹೆದರಿಕೆಗೆ ಎದೆಬಡಿತ, ರಕ್ತದೊತ್ತಡ ಎರಡೂ ತಟ್ಟನೆ ಇಳಿದು ತಲೆಗೆ ರಕ್ತ ಸಾಲೋದಿಲ್ಲ. ಬರೀ ಕಾಫಿ ಕುಡಿದು ಬೆಳಗಿನ ಬಸ್ಸು ಹತ್ತಬೇಡಿ. ಒಂದೆರಡು ಗಂಟೆ ಮುಂಚೆ ಕಡುಬೋ ಅನ್ನವೋ ಹೊಟ್ಟೆತುಂಬ ತಿಂದಿರಿ. ಕೂರಿಸಬೇಡಿ, ಮಲಗಿಸಿ ಹಾಕಿ ಅಂತ ಮೊದಲೇ ಹೇಳಿ. ಕಿವಿ ಗುಂಯ್ ಅಂದ ಕೂಡ್ಲೇ ನಿಲ್ಲಿಸೋಕೆ ಹೇಳಿ, ತೊಡೆ ಮತ್ತು ಹೊಟ್ಟೆ 10–15 ಸೆಕೆಂಡ್ ಬಿಗಿ ಹಿಡೀರಿ, ಅರ್ಧ ನಿಮಿಷ ಸಡಿಲ ಬಿಡಿ, ಹೀಗೆ ಐದು ಸಲ. ಉದ್ದ ಉಸಿರು ಎಳ್ಕೊಳ್ಳಿ ಅಂತ ಎಲ್ರೂ ಹೇಳ್ತಾರೆ, ಆದ್ರೆ ಸೂಜಿ ಕಂಡ್ರೆ ಬೀಳೋರಿಗೆ ಈ ಬಿಗಿ ಹಿಡಿಯೋದೇ ಮೇಲು, ಇಳಿದ ಒತ್ತಡ ಏರುತ್ತೆ. ಹಚ್ಚೆಯ ಕೈ ಮಾತ್ರ ಅಲ್ಲಾಡಬಾರದು.

ಮಸಿಕುಡಿಕೆ: ಕ್ರೀಮ್ ಮನೇಲಿ ಹಚ್ಚಬೇಡಿ. ಲಿಡೋಕೇನ್, ಪ್ರಿಲೋಕೇನ್ ತಲಾ 2.5% ಇರೋದು ಮಾಮೂಲು. ದಪ್ಪಗೆ ಹಚ್ಚಿ ಪ್ಲಾಸ್ಟಿಕ್ ಸುತ್ತಿ ಸುಮಾರು ಒಂದು ಗಂಟೆ ಬಿಡಬೇಕು, ಒರೆಸಿದ ಮೇಲೆ ಒಂದೆರಡು ಗಂಟೆ ಕೆಲಸ ಮಾಡುತ್ತೆ. ಬಸ್ಸು, ಅಲ್ಲಿ ಕಾಯೋದು ಸೇರಿದ್ರೆ ಗೆರೆ ಎಳೆಯೋ ಹೊತ್ತಿಗೆ ಇಳಿದಿರುತ್ತೆ. ಕೆಲವರಿಗೆ ಕ್ರೀಮ್ ಹಚ್ಚಿದ ಚರ್ಮದ ಮೇಲೆ ಗೆರೆ ಎಳೆಯೋದು ಇಷ್ಟ ಇಲ್ಲ, ಕೇಳ್ಕೊಳ್ಳಿ. ಬೆರಳುದ್ದಕ್ಕೆ ನನ್ನ ಪ್ರಕಾರ ಬೇಡವೇ ಬೇಡ. ಇದು ಇಂಜೆಕ್ಷನ್ ಥರ ಆಳಕ್ಕೆ ಹೋಗಲ್ಲ, 1–2 ಮಿಲಿಮೀಟರ್ ಅಷ್ಟೇ. ಬಿಸಿಲಿಗೆ ಸುಟ್ಟ ಚರ್ಮ ಕೆರೆದ ಹಾಗೆ ಉರಿ. ಮೊಣಕೈ ಮೂಳೆ, ಮಣಿಕಟ್ಟಿನ ಒಳಬದಿಗೆ ಹೋಲಿಸಿದ್ರೆ ನೀವು ಆರಿಸಿದ ಜಾಗ ಸುಲಭ. ಹೆದರೋದಾದ್ರೆ ಬೇರೆಯದಕ್ಕೆ ಹೆದರಿ: ಸೂಜಿ ಪೊಟ್ಟಣ ನಿಮ್ಮೆದುರೇ ಒಡೀಬೇಕು, ಮಸಿ ಪುಟ್ಟ ಕಪ್ಪಿಗೆ ಸುರೀಬೇಕು, ಉಳಿದದ್ದು ಸೀಸೆಗೆ ವಾಪಸ್ ಹೋಗಬಾರದು.

ತುಂಗಾತೀರ: ನಾಟಿ ಅಂದ್ರಲ್ಲ, ಆಗ್ಲೇ ಹೇಳ್ಬೇಕಿತ್ತು. ಹಸಿ ಹಚ್ಚೆ ಅಂದ್ರೆ ತೆರೆದ ಗಾಯ. ಎರಡು–ಮೂರು ವಾರ ಗದ್ದೆ ಕೆಸರು, ಹೊಳೆನೀರು ಎರಡೂ ತಾಗಬಾರದು. ದಿನಕ್ಕೆರಡು ಸಲ ವಾಸನೆಯಿಲ್ಲದ ಸೋಪಲ್ಲಿ ತೊಳೆದು ಟಿಶ್ಯೂ ಪೇಪರಲ್ಲಿ ಒತ್ತಿ ಒರೆಸಿ. ಮಳೆಗಾಲದಲ್ಲಿ ಅರೆ ಒಣಗಿ ಮುಗ್ಗಲು ಹಿಡಿದ ಟವೆಲ್ ಬೇಡ. ತುಂಬು ತೋಳಿನ ಒದ್ದೆ ಅಂಗಿ, ಕಂಬಳಿಕೊಪ್ಪೆ ಉಜ್ಜಿದ್ರೆ ಹಕ್ಕಳೆ ಕಿತ್ತು ಗೆರೆ ಮಾಸುತ್ತೆ. ಮೂರನೇ ದಿನದ ಮೇಲೂ ಕೆಂಪು ಹರಡ್ತಾ ಹೋದ್ರೆ, ಕೀವು ಜ್ವರ ಬಂದ್ರೆ ಡಾಕ್ಟರ್ ಹತ್ರ ಹೋಗಿ.

ಮಸಿಕುಡಿಕೆ: ಹಾಗಾದ್ರೆ ದಿನ ಮುಂದಕ್ಕೆ ಹಾಕಿ. ನಾಟಿ ಮುಗಿದು, ಅಡಿಕೆ ಸುಲಿತ ಶುರುವಾಗೋಕೆ ಒಂದು ತಿಂಗಳು ಮುಂಚೆ. ಹಸಿ ಗಾಯಕ್ಕೆ ಚೊಗರೂ (ಅಡಿಕೆ ಬೇಯಿಸಿದ ಕೆಂಪು ನೀರು) ಆಗಲ್ಲ.

ಜರಿಗಿಡ: ಮುಂಗಡ ಉಳಿಯುತ್ತಾ ಅಂತ ಈಗ್ಲೇ ಫೋನ್ ಮಾಡಿ ಕೇಳ್ತೀನಿ.