ಐಟಿಐ ಮುಗಿದರೂ ತಮ್ಮ ಯಾವ ಕೆಲಸದಲ್ಲೂ ನಿಲ್ಲುತ್ತಿಲ್ಲ, ಅನುಭವ ಇದ್ದವರು ಹೇಳಿ

ಪ್ರಶ್ನೆ: ನನ್ನ ತಮ್ಮನಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಸನ್ನೆಯಲ್ಲೇ ಬೆಳೆದವನು. ಫಿಟ್ಟರ್ ಕೆಲಸ ಅಚ್ಚುಕಟ್ಟು. ಆದರೂ ಸೇರಿದ ಕಡೆಯೆಲ್ಲ ಕೆಲವೇ ತಿಂಗಳಲ್ಲಿ ಬಿಟ್ಟು ಬರುತ್ತಾನೆ. ಇನ್ನೊಂದು ಕೋರ್ಸ್ ಮಾಡಿಸಲಾ? ದುಬಾರಿ ಕಿವಿ ಮಷಿನ್ ಕೊಡಿಸಲಾ?

ಗಾರ್ಮೆಂಟ್ಸ್ ಟೈಲರ್ ಒಬ್ಬಳ ಅಕ್ಕ: ಕೋರ್ಸ್ ಆಮೇಲೆ ನೋಡೋಣ. ಅಲ್ಲಿ ಅವನಿಗೆ ಕೆಲಸ ಹೇಳುತ್ತಿದ್ದವರು ಯಾರು, ಹೇಗೆ ಹೇಳುತ್ತಿದ್ದರು ಅಂತ ಮೊದಲು ಕೇಳಿ. ನನ್ನ ತಂಗಿಗೂ ಕೇಳಿಸುವುದಿಲ್ಲ. ಹಳೇ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಬೆನ್ನ ಹಿಂದೆ ನಿಂತು ಕೂಗುತ್ತಿದ್ದರು. ಇವಳು ತಿರುಗದಿದ್ದರೆ ಸೊಕ್ಕು ಅನ್ನುತ್ತಿದ್ದರು. ಈಗಿರುವ ಕಡೆ ಎದುರಿಗೆ ಬಂದು ಸ್ಯಾಂಪಲ್ ಪೀಸ್ ಕೈಗೆ ಕೊಡುತ್ತಾರೆ, ತಪ್ಪಿದ ಹೊಲಿಗೆಗೆ ಚಾಕ್‌ಪೀಸಿನಲ್ಲಿ ಗೆರೆ ಎಳೆದು ತೋರಿಸುತ್ತಾರೆ. ಪಕ್ಕದ ಹುಡುಗಿಯರು ಒಂದಿಷ್ಟು ಸನ್ನೆ ಕಲಿತಿದ್ದಾರೆ. ಹೊಲಿಗೆ ಅದೇ, ಸಂಬಳವೂ ಜಾಸ್ತಿ ಏನಿಲ್ಲ, ಆದರೂ ವರ್ಷಗಳಿಂದ ಅಲ್ಲೇ ಇದ್ದಾಳೆ. ಊಟದ ಹೊತ್ತಲ್ಲಿ ಒಬ್ಬರೂ ಮಾತಾಡಿಸದ ಜಾಗದಲ್ಲಿ ಯಾರಿಗೆ ತಾನೇ ಇರಬೇಕು ಅನಿಸುತ್ತದೆ, ಅಲ್ವಾ? ಮುಂದಿನ ಸಲ ಸೇರುವ ದಿನವೇ ಜೊತೆಗೆ ಹೋಗಿ. ಸೂಚನೆ ವಾಟ್ಸಾಪಿನಲ್ಲಿ ಕಳಿಸಲಿ. ಶಿಫ್ಟ್ ಬದಲಾದರೆ ಬೋರ್ಡಿನಲ್ಲಿ ಬರೆಯಲಿ. ಬೆಂಕಿ ಅಲಾರಂ ಜೊತೆ ಲೈಟೂ ಹೊತ್ತಲಿ.

ಶ್ರವಣ ಪರೀಕ್ಷೆ ಮಾಡುವ ಆಡಿಯಾಲಜಿಸ್ಟ್: ಮಷಿನ್‌ಗಾಗಿ ದಯವಿಟ್ಟು ಸಾಲ ಮಾಡಬೇಡಿ. ಅದು ಮಾತಿನ ಜೊತೆ ವರ್ಕ್‌ಶಾಪಿನ ಗದ್ದಲವನ್ನೂ ಜೋರು ಮಾಡುತ್ತದೆ. ಚಿಕ್ಕಂದಿನಿಂದ ಮಾತು ಕೇಳದೆ ಬೆಳೆದವರಿಗೆ ಈಗ ಸದ್ದು ಕೇಳಿಸಿದರೂ ಮಾತು ಅರ್ಥವಾಗುವುದು ಬಹಳ ಕಷ್ಟ. ಮೈಸೂರಿನ ವಾಕ್ ಶ್ರವಣ ಸಂಸ್ಥೆ ಆಯಿಷ್‌ನಂಥ ಕಡೆ ಪರೀಕ್ಷೆ ಮಾಡಿಸಿ, ಎಷ್ಟು ಉಪಯೋಗ ಅಂತ ಕೇಳಿಯೇ ತೀರ್ಮಾನಿಸಿ. ನಡುವಯಸ್ಸಿನಲ್ಲಿ ಕಿವಿ ಮಂದವಾದವರ ವಿಷಯ ಬೇರೆ, ಅವರಿಗೆ ಮಷಿನ್‌ನಿಂದ ತುಂಬಾ ಅನುಕೂಲ ಆಗುತ್ತದೆ. ನಿಮ್ಮ ತಮ್ಮನಿಗೆ ಆ ದುಡ್ಡನ್ನು ಓದು ಬರಹಕ್ಕೆ ಹಾಕಿ. ವಾಟ್ಸಾಪಿನಲ್ಲಿ ಬಂದದ್ದು ಓದಿ ಅರ್ಥವಾದರೆ ತಾನೇ ಮೇಲೆ ಟೈಲರ್ ಅಕ್ಕ ಹೇಳಿದ್ದು ಕೆಲಸಕ್ಕೆ ಬರುವುದು?

ಸರ್ಕಾರಿ ಕಚೇರಿಯಲ್ಲಿರುವ ಕಿವುಡ ನೌಕರ: ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ ಇದೆಯಾ? ಇಲ್ಲದಿದ್ದರೆ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸರ್ಕಾರಿ ಹುದ್ದೆಗಳ ಕನಿಷ್ಠ 4% ಅಂಗವಿಕಲರಿಗೆ, ಅದರಲ್ಲಿ 1% ಕಿವುಡರಿಗೆ ಮತ್ತು ಶ್ರವಣದೋಷ ಇರುವವರಿಗೆ. ಪರೀಕ್ಷೆಗೆ ಓದುತ್ತಿರಲಿ, ಆದರೆ ಅದನ್ನೇ ನಂಬಿ ಸುಮ್ನೆ ಮನೆಯಲ್ಲಿ ಕೂರಿಸಬೇಡಿ. ಇನ್ನೊಂದು, ಕೆಲಸ ಯಾಕೆ ಬಿಟ್ಟೆ ಅಂತ ಅವನನ್ನೇ ಸನ್ನೆಯಲ್ಲಿ ನಿಧಾನವಾಗಿ ಕೇಳಿದ್ದೀರಾ? ಮನೆಯಲ್ಲಿ ಯಾರಿಗೂ ಸರಿಯಾಗಿ ಸನ್ನೆ ಬರದಿದ್ದರೆ ಅವನ ಕಿವುಡ ಗೆಳೆಯನೊಬ್ಬನನ್ನು ಜೊತೆಗೆ ಕೂರಿಸಿಕೊಳ್ಳಿ.