ಹೊಸ 45 ಲೀಟರ್ ಉಪ್ಪುನೀರಿನ ಟ್ಯಾಂಕ್: ಉಪ್ಪು ಏರುತ್ತಿದೆ, ಪಿಎಚ್ ಮಾತ್ರ ಏರುತ್ತಿಲ್ಲ

ಹೊಸಅಲೆ:

ಎಲ್ಲರಿಗೂ ನಮಸ್ಕಾರ. ಆರು ವರ್ಷ ಸಿಹಿನೀರಿನ ಮೀನು ಸಾಕಿದ್ದೇನೆ, ಉಪ್ಪುನೀರು ಇದೇ ಮೊದಲು. ಟ್ಯಾಂಕ್ 45 ಲೀಟರಿನದು, ಆದರೆ ಕಲ್ಲು ಮರಳು ಹಾಕಿದ ಮೇಲೆ ಹಿಡಿದ ನೀರು 38 ಲೀಟರ್. ಅಳೆದು ಸುರಿದದ್ದರಿಂದ ಈ ಲೆಕ್ಕ ಪಕ್ಕಾ. ಇವತ್ತಿಗೆ 24 ದಿನ ಆಯಿತು.

ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಬೆಳೆಯಲಿ ಅಂತ ಶುರುವಿನಲ್ಲಿ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಬರುವಷ್ಟು ಅಮೋನಿಯಾ ಹಾಕಿದ್ದೆ. ಈಗ ಅಮೋನಿಯಾ ಸೊನ್ನೆ. ನೈಟ್ರೈಟ್ ಮಾತ್ರ ಕಡು ನೇರಳೆ. ನೈಟ್ರೇಟ್ ಟೆಸ್ಟ್ ಅಂತೂ ಚಾರ್ಟಿನ ಕೊನೆಯ ಬಣ್ಣವನ್ನೂ ದಾಟಿದ ಹಾಗಿದೆ. ಮರಳಿನ ಮೇಲೆ ಕಂದು ಪಾಚಿ ಬಂತು ಅಂತ ನಾಲ್ಕು ದಿನದ ಹಿಂದೆ ಎರಡು ಬಸವನಹುಳು ಬಿಟ್ಟೆ. ಬಿಟ್ಟಲ್ಲೇ ಬಾಗಿಲು ಮುಚ್ಚಿಕೊಂಡು ಕೂತಿವೆ, ಅಲುಗಾಡುವುದಿಲ್ಲ.

ದೊಡ್ಡ ತಲೆನೋವು ಬೇರೆ ಇದೆ. ಮೊದಲ ದಿನ ಸಾಂದ್ರತೆ 1.025 ಇತ್ತು, ಈಗ 1.030 ತೋರಿಸುತ್ತಿದೆ. ನಾನು ಹೊಸದಾಗಿ ಉಪ್ಪೇ ಹಾಕಿಲ್ಲ! ಆವಿಯಾದಷ್ಟು ನೀರನ್ನು ಎರಡು ದಿನಕ್ಕೊಮ್ಮೆ ತುಂಬಿಸುತ್ತೇನೆ, ಸುಮಾರು ಅರ್ಧ ಲೀಟರ್, ಅದೂ ಸರಿಯಾಗಿ ಅಳೆದು ಕಲಸಿದ ಉಪ್ಪುನೀರು. ಪಿಎಚ್ ಬೆಳಿಗ್ಗೆ 7.8, ರಾತ್ರಿ ಲೈಟ್ ಆರಿಸುವ ಹೊತ್ತಿಗೆ 8. ಪುಸ್ತಕದಲ್ಲಿ 8.2 ಅಂತಿದೆ ಅಲ್ವಾ, ಅದಕ್ಕೆ ಪಿಎಚ್ ಏರಿಸುವ ಪುಡಿ ಹಾಕುತ್ತಾ ಬಂದೆ. ಹಾಕಿದ ಗಂಟೆಹೊತ್ತು ಏರುತ್ತದೆ, ಮಾರನೇ ಬೆಳಿಗ್ಗೆ ಮತ್ತೆ ಅಲ್ಲಿಗೇ. ಮೊನ್ನೆ ಎರಡು ಚಮಚ ಜಾಸ್ತಿಯೇ ಹಾಕಿದೆ. ನೀರೆಲ್ಲಾ ಹಾಲಿನ ಹಾಗಾಯಿತು, ಹೀಟರ್ ಮೇಲೆ ಸುಣ್ಣದ ಹಾಗೆ ಬಿಳಿ ಪದರ ಕಟ್ಟಿದೆ. ಈ ವಾರ ಒಂದು ಜೊತೆ ಕ್ಲೌನ್ ಮೀನು ತರೋಣ ಅಂತಿದ್ದೆ. ತರಬಹುದಾ?

ಹವಳದಿಬ್ಬ:

ಮೀನು ಈಗ ಬೇಡ. ಮೊದಲು ಉಪ್ಪಿನ ವಿಷಯ ನೋಡೋಣ, ಬಸವನಹುಳು ಬಾಗಿಲು ಹಾಕಿಕೊಂಡಿದ್ದಕ್ಕೂ ಬಹುಶಃ ಅದೇ ಕಾರಣ.

ಉಪ್ಪೇ ಹಾಕಿಲ್ಲ ಅಂತೀರಿ, ಹಾಕಿದ್ದೀರಿ ಸರ್. ಆವಿಯಾಗುವುದು ಬರೀ ನೀರು, ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ. ಅದರ ಮೇಲೆ ನೀವು ಉಪ್ಪುನೀರನ್ನೇ ಸುರಿದರೆ ಪ್ರತಿ ಸಲವೂ ಹೊಸ ಉಪ್ಪು ಸೇರಿದ ಹಾಗೆ. ಅರ್ಧ ಲೀಟರಿನಲ್ಲಿ 17 ಗ್ರಾಂ ಚಿಲ್ಲರೆ ಉಪ್ಪು, 24 ದಿನಕ್ಕೆ 12 ಸಲ, ಒಟ್ಟು 210 ಗ್ರಾಂ ಆಯಿತು. ಅದನ್ನು 38 ಲೀಟರಿಗೆ ಹಂಚಿ ನೋಡಿ, ಲೀಟರಿಗೆ ಐದೂವರೆ ಗ್ರಾಂ ಏರಿದೆ. ಮೊದಲ ದಿನದ 1.025 ಅಂದರೆ ಲೀಟರಿಗೆ ಸುಮಾರು 34 ಗ್ರಾಂ, ಅಲ್ಲಿಂದ ಹೊರಟವರು 39.5ಕ್ಕೆ ಬಂದು ನಿಂತಿದ್ದೀರಿ. ನಿಮ್ಮ 1.030 ಅಂದರೆ ಹೆಚ್ಚುಕಮ್ಮಿ ಅದೇ. ಮೀಟರ್ ಸುಳ್ಳು ಹೇಳುತ್ತಿಲ್ಲ.

ಒಂದೇ ಏಟಿಗೆ ಇಳಿಸಬೇಡಿ, ಒಳಗೆ ಜೀವ ಇದೆ. ದಿನಕ್ಕೆ 1 ಲೀಟರ್ ತೆಗೆದು 1 ಲೀಟರ್ ಉಪ್ಪಿಲ್ಲದ ಆರ್‌ಓ ನೀರು ಹಾಕಿ. ಐದು ದಿನಕ್ಕೆ 35ರ ಹತ್ತಿರ ಬರುತ್ತದೆ. ಆಮೇಲೆ ಆವಿಯಾದದ್ದಕ್ಕೆ ಯಾವಾಗಲೂ ಆರ್‌ಓ ನೀರೇ. ನಲ್ಲಿ ನೀರು ಬೇಡ, ಅದರಲ್ಲಿ ಏನೇನಿರುತ್ತದೆ ಅಂತ ಹೇಳಲಾಗದು, ತಾಮ್ರ ಚೂರು ಇದ್ದರೂ ಬಸವನಹುಳುವಿಗೆ ತಡೆಯುವುದಿಲ್ಲ. ಹೊಸ ಉಪ್ಪುನೀರು ಬೇಕಾಗುವುದು ಹಳೇ ನೀರು ತೆಗೆದು ಬದಲಾಯಿಸುವಾಗ ಮಾತ್ರ.

ಗಾಜಿನ ಹೊರಗಡೆ ನೀರಿನ ಮಟ್ಟಕ್ಕೆ ಒಂದು ಚೂರು ಟೇಪ್ ಅಂಟಿಸಿ. ನೀರು ಅದರ ಕೆಳಗೆ ಇಳಿದರೆ ಅಲ್ಲಿಯವರೆಗೆ ತುಂಬಿಸಿ, ಅಷ್ಟೇ. ನಾನು ದೊಡ್ಡ ಟ್ಯಾಂಕಿಗೂ ಇದನ್ನೇ ಮಾಡುವುದು.

ಅಂದ ಹಾಗೆ ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರನ್ನು ಯಾವುದರಿಂದ ಸರಿಮಾಡಿದ್ದೀರಿ? ಬರೀ ನೀರಿನಲ್ಲಿ ಸೊನ್ನೆಗೆ ತಂದರೆ ಸಾಲದು, ಕೆಲವು ಮೀಟರ್ ಸೊನ್ನೆಯಲ್ಲಿ ಸರಿ ಇದ್ದು 35ರಲ್ಲಿ ತಪ್ಪುತ್ತವೆ. 35ರ ಅಳತೆ ದ್ರಾವಣ ಸಣ್ಣ ಬಾಟಲಿಯಲ್ಲಿ ಸಿಗುತ್ತದೆ, ಅದರಲ್ಲಿ ನೋಡಿ.

ಮೂರನೇಬಕೆಟ್:

ಉಪ್ಪಿನ ಬಗ್ಗೆ ಮೇಲಿನವರು ಹೇಳಿದ್ದು ಸರಿ. ಪಿಎಚ್ ಬಗ್ಗೆ ನಾನು ಹೇಳುತ್ತೇನೆ, ಇದೇ ಪುಡಿ ಹಾಕಿ ನಾನೂ ಒಂದು ಹೀಟರ್ ಹಾಳು ಮಾಡಿಕೊಂಡವಳು.

ಆ ಪುಡಿ ನಿಜವಾಗಿ ಏರಿಸುವುದು ಆಲ್ಕಲಿನಿಟಿಯನ್ನು, ಅಂದರೆ ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿಯನ್ನು. ಪಿಎಚ್ ಸ್ವಲ್ಪ ಹೊತ್ತು ಜೊತೆಗೆ ಏರಿ ಮತ್ತೆ ಇಳಿಯುತ್ತದೆ. ಆಲ್ಕಲಿನಿಟಿ ಮಾತ್ರ ಮೇಲೇ ಉಳಿಯುತ್ತದೆ. ಹೀಗೆ ಏರಿಸುತ್ತಾ ಹೋದರೆ ಒಂದು ಹಂತದಲ್ಲಿ ನೀರಿಗೆ ಹಿಡಿದುಕೊಳ್ಳಲು ಆಗುವುದಿಲ್ಲ, ಕ್ಯಾಲ್ಸಿಯಂ ಜೊತೆ ಸೇರಿ ಸುಣ್ಣವಾಗಿ ಉದುರುತ್ತದೆ. ನೀವು ನೋಡಿದ ಹಾಲು ಅದೇ. ಬಿಸಿ ಇರುವ ಕಡೆ ಬೇಗ ಕಟ್ಟುವುದರಿಂದ ಮೊದಲು ಹೀಟರಿಗೆ ಅಂಟುತ್ತದೆ. ಹೀಟರ್ ಆಫ್ ಮಾಡಿ, ತಣ್ಣಗಾದ ಮೇಲೆ ಹೊರಗೆ ತೆಗೆದು ಬಿಳಿ ವಿನೆಗರ್‌ನಲ್ಲಿ ಅರ್ಧ ಗಂಟೆ ನೆನೆಸಿ ತೊಳೆದರೆ ಹೋಗುತ್ತದೆ.

ಹಾಗಾದರೆ ಪಿಎಚ್ ಯಾಕೆ ಕಮ್ಮಿ? ಮನೆಯೊಳಗಿನ ಗಾಳಿ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಜನ ಮಲಗಿದರೆ ಅವರು ಬಿಟ್ಟ ಕಾರ್ಬನ್ ಡೈಆಕ್ಸೈಡ್ ನೀರಿಗೂ ಇಳಿಯುತ್ತದೆ. ನಂಬಿಕೆ ಬರದಿದ್ದರೆ ಹೀಗೆ ಮಾಡಿ. ಎರಡು ಲೋಟ ಟ್ಯಾಂಕ್ ನೀರು ತೆಗೆದುಕೊಳ್ಳಿ. ಒಂದನ್ನು ಕೋಣೆಯಲ್ಲೇ ಇಟ್ಟು ಏರ್ ಪಂಪ್‌ನಿಂದ ಒಂದು ಗಂಟೆ ಗುಳ್ಳೆ ಬಿಡಿ, ಇನ್ನೊಂದನ್ನು ಹೊರಗೆ ಇಟ್ಟು ಹಾಗೇ ಮಾಡಿ, ಆಮೇಲೆ ಎರಡರ ಪಿಎಚ್ ನೋಡಿ. ಹಾಗೇ ಆಲ್ಕಲಿನಿಟಿಯನ್ನೂ ಒಮ್ಮೆ ಅಳೆದು ಹೇಳಿ. ಸಮುದ್ರದಲ್ಲಿ ಅದು 7 ಡಿಕೆಎಚ್ (ಆಲ್ಕಲಿನಿಟಿಯ ಅಳತೆ) ಆಸುಪಾಸು, ಟ್ಯಾಂಕಿಗೆ 8, 9 ಇದ್ದರೆ ಸಾಕು. ಪಿಎಚ್ 7.8ರಲ್ಲಿ ಕ್ಲೌನ್ ಮೀನು ಆರಾಮಾಗಿ ಇರುತ್ತದೆ. ಸುಮ್ನೆ 8.2ರ ಹಿಂದೆ ಓಡಬೇಡಿ.

ಹೊಸಅಲೆ:

ಅಯ್ಯೋ, ಉಪ್ಪಿನ ಲೆಕ್ಕ ಓದಿ ತಲೆ ಚಚ್ಚಿಕೊಂಡೆ. ಸಿಹಿನೀರಿನಲ್ಲಿ ಯಾವ ನೀರು ಇತ್ತೋ ಅದನ್ನೇ ತುಂಬಿಸಿ ಅಭ್ಯಾಸ, ಅದೇ ಕೈ ಇಲ್ಲೂ ಓಡಿತು. ಮೀಟರನ್ನೂ 35ರ ದ್ರಾವಣದಲ್ಲಿ ನೋಡಿದೆ, ಸರಿಯಾಗೇ ಇದೆ.

ಆಲ್ಕಲಿನಿಟಿ ಟೆಸ್ಟ್ ಮಾಡಿದೆ. ನೀಲಿ ನೀರು ಹಳದಿಗೆ ತಿರುಗುವವರೆಗೆ ಹನಿ ಎಣಿಸಬೇಕು ಅಂತ ಇತ್ತು. ಎಂಟು ಆಯಿತು, ಇನ್ನೂ ನೀಲಿ. ಹತ್ತು, ನೀಲಿ. ಹದಿಮೂರನೇ ಹನಿಗೆ ತಿರುಗಿತು. 13 ಡಿಕೆಎಚ್! ಲೋಟದ ಪರೀಕ್ಷೆಯಲ್ಲಿ ಕೋಣೆಯ ಲೋಟ 7.9, ಹೊರಗಿಟ್ಟದ್ದು 8.3. ರಾತ್ರಿ ಆ ಕೋಣೆಯಲ್ಲಿ ನಾವು ಮೂವರು ಮಲಗುತ್ತೇವೆ, ಕಿಟಕಿ ಹಾಕಿರುತ್ತದೆ. ಪುಡಿ ಡಬ್ಬಿ ಎತ್ತಿಟ್ಟಿದ್ದೇನೆ. ಅದರ ಬದಲು ಅಡುಗೆ ಸೋಡಾ ಹಾಕಿದರೆ?

ಮೂರನೇಬಕೆಟ್:

13 ಇರುವಾಗ ಯಾವ ಸೋಡಾವೂ ಬೇಡ ಮಾರಾಯ್ರೆ! ಮುಂದೆ ಎಂದಾದರೂ 7ಕ್ಕಿಂತ ಕೆಳಗೆ ಹೋದರೆ ಅಡುಗೆ ಸೋಡಾ ಒಳ್ಳೆಯದೇ. ಲೀಟರಿಗೆ 30 ಮಿಲಿಗ್ರಾಂ ಹಾಕಿದರೆ 1 ಡಿಕೆಎಚ್ ಏರುತ್ತದೆ, ನಿಮ್ಮ 38 ಲೀಟರಿಗೆ 1.1 ಗ್ರಾಂ, ಅಂದರೆ ಕಾಲು ಚಮಚದಷ್ಟೂ ಇಲ್ಲ. ಅದನ್ನು ಒಂದು ಲೋಟ ಆರ್‌ಓ ನೀರಿನಲ್ಲಿ ಕರಗಿಸಿ ಪಂಪಿನ ಹತ್ತಿರ ನಿಧಾನವಾಗಿ ಸುರಿಯಬೇಕು. ಸೋಡಾ ಹಾಕಿದ ತಕ್ಷಣ ಪಿಎಚ್ ಏರುವುದಿಲ್ಲ, ಒಂದು ಚೂರು ಇಳಿದರೂ ಇಳಿಯಬಹುದು. ಏರಲಿಲ್ಲ ಅಂತ ಇನ್ನೊಂದು ಚಮಚ ಹಾಕಿಬಿಡುವವರೇ ಜಾಸ್ತಿ, ಅದಕ್ಕೇ ಮೊದಲೇ ಹೇಳಿಬಿಟ್ಟೆ. ಸದ್ಯಕ್ಕೆ ಹಗಲಲ್ಲಿ ಕಿಟಕಿ ತೆಗೆಯಿರಿ, ಪಂಪಿನ ಬಾಯಿ ಸ್ವಲ್ಪ ಮೇಲೆ ತಿರುಗಿಸಿ ನೀರಿನ ಮೇಲ್ಮೈ ಅಲುಗುವ ಹಾಗೆ ಮಾಡಿ.

ನಿಧಾನಗತಿ:

ನೈಟ್ರೈಟ್ ಬಗ್ಗೆ ಯಾರೂ ಮಾತಾಡಿಲ್ಲ, ನಾನು ಸೇರಿಸುತ್ತೇನೆ. ಸಿಹಿನೀರಿನವರಿಗೆ ನೈಟ್ರೈಟ್ ಅಂದರೆ ಭಯ, ಅದು ಸರಿಯೇ. ಉಪ್ಪುನೀರಿನಲ್ಲಿ ಕ್ಲೋರೈಡ್ ತುಂಬಾ ಇರುವುದರಿಂದ ಅದು ಕಿವಿರಿನ ಮೂಲಕ ಒಳಗೆ ಹೋಗುವುದು ಕಷ್ಟ, ವಿಷ ಬಹಳ ಕಮ್ಮಿ. ಇನ್ನೊಂದು, ಹೆಚ್ಚಿನ ನೈಟ್ರೇಟ್ ಟೆಸ್ಟುಗಳು ನೈಟ್ರೇಟನ್ನು ಮೊದಲು ನೈಟ್ರೈಟ್ ಮಾಡಿ ಆಮೇಲೆ ಅದನ್ನು ಅಳೆಯುತ್ತವೆ. ನೀರಿನಲ್ಲಿ ಮೊದಲೇ ನೈಟ್ರೈಟ್ ಇದ್ದರೆ ನೈಟ್ರೇಟ್ ಲೆಕ್ಕ ಎಲ್ಲೋ ಹೋಗಿಬಿಡುತ್ತದೆ. ನೈಟ್ರೈಟ್ ಇಳಿಯುವ ತನಕ ಆ ಸಂಖ್ಯೆಯನ್ನು ನಂಬಬೇಡಿ.

ನಿಜವಾಗಿ ಕೊಲ್ಲುವುದು ಅಮೋನಿಯಾ. ಪಿಎಚ್ ಏರಿದಷ್ಟೂ ಅದರ ವಿಷದ ಪಾಲು ಹೆಚ್ಚುತ್ತದೆ, 7.8ರಲ್ಲಿ ಇರುವುದಕ್ಕಿಂತ 8.2ರಲ್ಲಿ ಎರಡು ಪಟ್ಟು ಮೀರುತ್ತದೆ. ಅಂದರೆ ಪಿಎಚ್ ಕಮ್ಮಿ ಇದ್ದದ್ದು ಈ ಹಂತದಲ್ಲಿ ನಿಮಗೆ ಒಂದು ರೀತಿ ಉಪಕಾರವೇ. ಬಸವನಹುಳು ಇರುವುದರಿಂದ ಮತ್ತೆ ಅಮೋನಿಯಾ ಸುರಿದು ಪರೀಕ್ಷೆ ಮಾಡಬೇಡಿ. ಉಪ್ಪು ಸರಿಯಾದ ಮೇಲೆ ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕಿ, ಒಂದು ವಾರ ಅಮೋನಿಯಾ ನೋಡಿ. ಸೊನ್ನೆಯಲ್ಲೇ ಇದ್ದರೆ ಮೀನು ತನ್ನಿ. ಕಂದು ಪಾಚಿ ಡಯಾಟಮ್, ಹೊಸ ಟ್ಯಾಂಕಿನಲ್ಲಿ ಬರುತ್ತದೆ, ಹೋಗುತ್ತದೆ.

ಹವಳದಿಬ್ಬ:

ಒಂದೇ ಒಂದು ಕಡೆ ಒಪ್ಪುವುದಿಲ್ಲ, ನೈಟ್ರೈಟ್ ಪೂರ್ತಿ ಇಳಿಯುವ ತನಕ ನಾನಾದರೆ ಕಾಯುತ್ತೇನೆ. ವಿಷ ಅಂತಲ್ಲ, ಟ್ಯಾಂಕ್ ಇನ್ನೂ ಕೂತಿಲ್ಲ ಅನ್ನುವುದಕ್ಕೆ ಅದು ಗುರುತು. ಆಮೇಲೆ ವಾರಕ್ಕೆ 4 ಲೀಟರ್ ನೀರು ಬದಲಾಯಿಸಿದರೆ ಸಾಕು. ಹವಳ ಇಲ್ಲದ ಟ್ಯಾಂಕಿಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಾಟಲಿ ಯಾವುದೂ ಬೇಡ.

ಹೊಸಅಲೆ:

ಆರನೇ ದಿನದ ಸುದ್ದಿ. ಸಾಂದ್ರತೆ 1.026. ಆಲ್ಕಲಿನಿಟಿ 11, ಪುಡಿ ಮುಟ್ಟಿಲ್ಲ. ಪಿಎಚ್ ಬೆಳಿಗ್ಗೆ ಇನ್ನೂ 7.8, ಕಿಟಕಿ ತೆರೆದ ದಿನ ಸಂಜೆ 8.1. ನೈಟ್ರೈಟ್ ಬಣ್ಣ ತಿಳಿಯಾಗುತ್ತಿದೆ, ಪೂರ್ತಿ ಹೋಗಿಲ್ಲ, ಹಾಗಾಗಿ ಮೀನನ್ನು ಮುಂದಕ್ಕೆ ಹಾಕಿದ್ದೇನೆ. ಟೇಪ್ ಅಂಟಿಸಿದ್ದೇನೆ, ಪಕ್ಕದ ಬಾಟಲಿ ಮೇಲೆ "ಉಪ್ಪಿಲ್ಲ" ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ, ಮನೆಯವರಿಗಿಂತ ನನಗೇ ಅದು ಬೇಕು. ನಿನ್ನೆ ರಾತ್ರಿ ಲೈಟ್ ಆರಿಸಿದ ಮೇಲೆ ಟಾರ್ಚ್ ಬಿಟ್ಟು ನೋಡಿದೆ. ಒಂದು ಬಸವನಹುಳು ಗಾಜು ಹತ್ತುತ್ತಿತ್ತು, ಹಿಂದೆ ಕಂದು ಪಾಚಿಯಲ್ಲಿ ಬೆರಳಗಲದ ಸ್ವಚ್ಛ ದಾರಿ. ಇನ್ನೊಂದು ಎಲ್ಲಿದೆ ಅಂತ ಇವತ್ತೂ ಹುಡುಕುತ್ತಿದ್ದೇನೆ.